ವಿನಿಫ್ರೆಡ್ ಹಿಂತಿರುಗಿಸಿದ ಉಂಗುರ

ಎಮ್ಲಿನ್ ಪ್ರಾಸರ್ ಬರೆದ ನಾಟಕ ನ್ಯೂಯಾರ್ಕಿನಲ್ಲಿ ಎರಡು ವರ್ಷ ಎಡೆಬಿಡದೆ ನಡೆಯಿತು. ಬಹುಮಾನ ಬಂತು, ಅವನ ಹೆಸರು ಅಮೆರಿಕದ ತುಂಬ ಮನೆಮಾತಾಯಿತು. ಅವನ ಅಕ್ಕ ವಿನಿಫ್ರೆಡ್‌ಗೆ ಮಾತ್ರ ಊರಿನ ಬೀದಿಯಲ್ಲಿ ತಿರುಗಾಡುವುದೇ ಬೇಡವಾಯಿತು.

ಪೆನ್ಸಿಲ್ವೇನಿಯಾದ ಆ ಕಲ್ಲಿದ್ದಲ ಊರಿನಲ್ಲಿ ನಾಟಕ ಕಣ್ಣಾರೆ ಕಂಡವರು ನಾಲ್ಕೈದು ಜನ. ಕಥೆ ಮಾತ್ರ ಎಲ್ಲರ ಬಾಯಲ್ಲೂ ಇತ್ತು. ಎಡ್ನಾ ಎಂಬ ಹೆಣ್ಣಿಗೆ ಮದುವೆಯಾಗುತ್ತೇನೆಂದವನು ಕೈಕೊಡುತ್ತಾನೆ. ಅವಳು ಕಿಟಕಿಯ ಬಳಿ ಕೂತು ಅವನ ದಾರಿ ಕಾಯುತ್ತಲೇ ಒಣಗಿಹೋಗುತ್ತಾಳೆ. ಎಡ್ನಾ ಎಂದರೆ ಯಾರೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಮಾಂಸದಂಗಡಿಯ ಮುದುಕ ಶೂಮೇಕರ್ ಒಂದು ತುಂಡು ಹೆಚ್ಚಿಗೆ ಹಾಕಿ, "ಇರ್ಲಿ ವಿನ್ನಿ, ನೀನೂ ಬೇಕಾದಷ್ಟು ನೊಂದಿದೀಯ" ಎಂದ.

"ನಾನ್ಯಾಕೆ ನೋಯ್ಲಿ? ಹಾರ್ಲನ್‌ನ ಬಿಟ್ಟಿದ್ದು ನಾನು. ಉಂಗುರ ವಾಪಸ್ ಕೊಟ್ಟಿದ್ದೂ ನಾನೇ."

ಮುದುಕ ಕನಿಕರದಿಂದ ತಲೆಯಾಡಿಸಿದ. "ಕೊನೇ ಅಂಕದಲ್ಲಿ ಅವಳೂ ಹಂಗೇ ಅಂತಾಳಂತಲ್ಲ, ಪಾಪ."

ಅಲ್ಲೇ ಇದ್ದದ್ದು ಫಜೀತಿ. ನೆರೆಹೊರೆಯವರ ಮುಂದೆ ಮಾನ ಉಳಿಸಿಕೊಳ್ಳಲು ಎಡ್ನಾ ಹೇಳುವ ಸುಳ್ಳು ಅದು. ಇಡೀ ನಾಟಕದಲ್ಲಿ ಜನ ಬಿಕ್ಕಿಬಿಕ್ಕಿ ಅಳುವುದೂ ಆ ಮಾತಿಗೇ. ವಿನಿಫ್ರೆಡ್‌ಳ ಪಾಲಿಗೆ ಅದು ನಡೆದ ಸಂಗತಿ. ರೈಲ್ವೆ ಗುಮಾಸ್ತ ಹಾರ್ಲನ್ ಒಳ್ಳೆಯವನೇ, ಆದರೆ ಅವನು ಬಾಯಿ ತೆರೆದರೆ ಅವಳಿಗೆ ಆಕಳಿಕೆ ಬರುತ್ತಿತ್ತು. ಜೀವಮಾನವಿಡೀ ಆಕಳಿಸುವುದು ಬೇಡವೆಂದು ಉಂಗುರ ಕೊಟ್ಟು ಬಂದು, ಆ ರಾತ್ರಿ ಗಡದ್ದಾಗಿ ನಿದ್ದೆ ಮಾಡಿದ್ದಳು. ರೇಷ್ಮೆ ಗಿರಣಿಯಲ್ಲಿ ಒಂದು ಸಾಲು ಮಗ್ಗಗಳೂ ಅವುಗಳಲ್ಲಿ ನೇಯುವ ಹೆಂಗಸರೂ ಅವಳ ಕೈಕೆಳಗಿದ್ದರು. ಕಿಟಕಿಯ ಬಳಿ ಕೂರಲು ಪುರಸೊತ್ತಾದರೂ ಎಲ್ಲಿತ್ತು?

ಮರು ವಸಂತದಲ್ಲಿ ಚರ್ಚಿನ ನಾಟಕ ಸಂಘದವರು ಅದೇ ನಾಟಕ ಆಡುತ್ತೇವೆಂದರು. ವಿನಿಫ್ರೆಡ್ ಹಲ್ಲು ಕಚ್ಚಿಕೊಂಡು ಹೋಗಿ, ಎಡ್ನಾ ಪಾತ್ರ ತನಗೇ ಬೇಕೆಂದಳು. ತನ್ನ ಬಾಯಿಂದಲೇ ಕೇಳಿದರೆ ನಂಬಿಯಾರು ಎಂಬುದು ಅವಳ ಲೆಕ್ಕಾಚಾರ. ನಾಟಕ ಆಡಿಸುತ್ತಿದ್ದ ಶಾಲಾಮಾಸ್ತರ ಲಾಕರ್ಡ್ ಸಂತೋಷದಿಂದಲೇ ಆ ಮಾತು ಓದಿಸಿದರು.

"ಉಂಗುರ ವಾಪಸ್ ಕೊಟ್ಟೋಳು ನಾನೇ."

"ಹಂಗಲ್ಲಮ್ಮ," ಎಂದರು ಲಾಕರ್ಡ್. "ಸ್ವಲ್ಪ ಗಂಟಲು ನಡುಗ್ಲಿ. ಸುಳ್ಳು ಹೇಳ್ತಿದಾಳೆ ಅಂತ ಗೊತ್ತಾಗ್ಬೇಕು."

ಅವಳು ಮತ್ತೆ ಹೇಳಿದಳು. ಇನ್ನೊಮ್ಮೆ ಹೇಳಿದಳು. ಪ್ರತಿ ಸಲವೂ ಅದು ನಿಜದಂತೆಯೇ ಕೇಳಿಸಿತು.

"ಬೇಜಾರು ಮಾಡ್ಕೋಬೇಡಿ. ನಿಮಗೆ ಎಡ್ನಾ ಒಗ್ಗಲ್ಲ."

ಪಾತ್ರ ದಂತವೈದ್ಯರ ಹೆಂಡತಿ ಶ್ರೀಮತಿ ಹಾರ್ಟ್ಸೆಲ್‌ಗೆ ಹೋಯಿತು. ಮೊದಲ ಪ್ರದರ್ಶನಕ್ಕೆ ಎಮ್ಲಿನ್ ರೈಲಿಳಿದು ಬಂದ. ಉಂಗುರದ ಮಾತು ಬಂದಾಗ ಶ್ರೀಮತಿ ಹಾರ್ಟ್ಸೆಲ್‌ಳ ಗಂಟಲು ನಡುಗಿತು, ಸಭೆಯಲ್ಲಿ ಕರವಸ್ತ್ರಗಳು ಹೊರಬಂದವು, ಶೂಮೇಕರನಂತೂ ಹಿಂತಿರುಗಿ ವಿನಿಫ್ರೆಡ್‌ಳನ್ನು ನೋಡಿ ನೋಡಿ ಅತ್ತ. ಆಟ ಮುಗಿದ ಮೇಲೆ ಎಮ್ಲಿನ್ ವೇದಿಕೆ ಹತ್ತಿ ಶ್ರೀಮತಿ ಹಾರ್ಟ್ಸೆಲ್‌ಳ ಕೈ ಹಿಡಿದು, ಇಂಥ ನಿಜವಾದ ಎಡ್ನಾಳನ್ನು ನ್ಯೂಯಾರ್ಕಿನಲ್ಲೂ ಕಂಡಿಲ್ಲವೆಂದ.

ಮನೆಗೆ ನಡೆಯುವಾಗ ವಿನಿಫ್ರೆಡ್ ತಡೆಯಲಾರದೆ ಕೇಳಿಬಿಟ್ಟಳು. "ನಾನು ಉಂಗುರ ಕೊಟ್ಟು ಬಂದಾಗ ನೀನು ಅಡುಗೆಮನೇಲೇ ಇದ್ಯಲ್ಲೋ. ಕುಣಿದಾಡಿದ್ಯಲ್ಲೋ, ಆ ಕೊರೆಯೋನು ತೊಲಗಿದ ಅಂತ."

"ಇದ್ದೆ ಕಣೇ, ಇಲ್ಲಾಂತ ಯಾರಂದ್ರು?"

"ಮತ್ತೆ?"

"ಆ ಮಾತಿಗೇ ಜನ ಅಳೋದು ಅಕ್ಕ. ಅದನ್ನ ನಿಜ ಮಾಡಿದ್ರೆ ನಾಟಕ ಎಲ್ಲುಳೀತು?"

"ನಾನೆಲ್ಲುಳಿದೆ ಅಂತ ಯೋಚ್ನೆ ಮಾಡಿದ್ಯಾ?"

ಎಮ್ಲಿನ್ ಟೋಪಿ ಸರಿಪಡಿಸಿಕೊಂಡ. "ಜನ ನಿನ್ನ ಎಷ್ಟು ಪ್ರೀತಿಸ್ತಾರೆ ಗೊತ್ತಾ?" ಎಂದ, ಬಹಳ ಪ್ರಾಮಾಣಿಕವಾಗಿಯೇ.

ಆ ಬೇಸಿಗೆಯಲ್ಲಿ ಹಾರ್ಲನ್ ಕೂಡ ಕ್ಷೌರದಂಗಡಿಯಲ್ಲಿ ಮೀಸೆ ತಿರುವುತ್ತಾ, "ಏನ್ಮಾಡೋದು, ಬಿಟ್ಟೋಗ್ಬೇಕಾಯ್ತು ಅವಳನ್ನ" ಎನ್ನಲು ಶುರುಮಾಡಿದ್ದಾನೆಂದು ಸುದ್ದಿ ಬಂತು. ಬಹುಶಃ ಅವನೇ ಅದನ್ನು ನಂಬಿಬಿಟ್ಟಿದ್ದ. ವಿನಿಫ್ರೆಡ್ ಜಗಳಕ್ಕೆ ಹೋಗಲಿಲ್ಲ. ಏನು ಹೇಳಿದರೂ ಅದು ಎಡ್ನಾಳ ಮಾತೇ ಆಗುತ್ತಿತ್ತು. ಗಂಟುಮೂಟೆ ಕಟ್ಟಿ ನ್ಯೂಜೆರ್ಸಿಯ ಪ್ಯಾಟರ್ಸನ್‌ಗೆ ಹೋಗಿ, ಅಲ್ಲಿಯ ಗಿರಣಿಯಲ್ಲಿ ಮೊದಲಿನಿಂದ, ಬರೀ ನೇಕಾರಳಾಗಿ ಸೇರಿಕೊಂಡಳು.

ಮೊದಲ ದಿನವೇ ಪಕ್ಕದ ಮಗ್ಗದವಳು ಹೆಸರು ಕೇಳಿ ಕಣ್ಣರಳಿಸಿದಳು. "ಪ್ರಾಸರ್? ಆ ನಾಟಕ ಬರೆದೋರು ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ" ಎಂದಳು ವಿನಿಫ್ರೆಡ್. ಆ ಸುಳ್ಳನ್ನು ಪಕ್ಕದ ಮಗ್ಗದವಳು ತಕ್ಷಣ ನಂಬಿದಳು.