ಸಾವಿನ ಮನೆಯಲ್ಲಿ ಕೈ ಬದಲಾದ ಶಾಲೆ

ಸಮುದ್ರದ ಮೇಲೆ ಈಗಷ್ಟೇ ಬೆಳಕು ಹರಿಯುತ್ತಿದೆ. ದೆಲಾನಿ ಗುಡ್ಡದ ಅಡುಗೆಮನೆಯಲ್ಲಿ ಕೆಲೆರಾ ಲೆವಾತು ತುರಿಮಣೆಯ ಮೇಲೆ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದಾರೆ. ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಮರಗೆಣಸು ಕುದಿಯುತ್ತಿದೆ. ಪಕ್ಕದ ಪಾತ್ರೆಯಲ್ಲಿ ಕೆಸುವಿನ ಸೊಪ್ಪು ಬೆಂದು, ತೆಂಗಿನ ಹಾಲು ಹಾಕುವುದೊಂದೇ ಬಾಕಿ. ಹಿಂದಿನ ವಸತಿಗೃಹದಲ್ಲಿ ಹೊರದ್ವೀಪಗಳಿಂದ ಓದಲು ಬಂದ ಮೂವತ್ತೆಂಟು ಹುಡುಗಿಯರು ಏಳುವ ಹೊತ್ತು. ಕಣ್ಣಿಗೆ ಹೊಗೆ ಹೊಡೆದರೂ ಕೆಲೆರಾ ಕೈ ನಿಲ್ಲಿಸುವುದಿಲ್ಲ.

ಸೌದೆಯ ಹೊರೆ ಹೊತ್ತು ಬರುವವನು ಕಿನಿ, ಆಕೆಯ ಸೋದರಮಾವನ ಮಗ. ವರಸೆಯಲ್ಲಿ ಭಾವನಾದ್ದರಿಂದ ಅವನ ಬಾಯಿಗೆ ಬೀಗವಿಲ್ಲ.

"ಏನೇ, ಇನ್ನೂ ಬೆಂದಿಲ್ವಾ? ಇದಕ್ಕೇ ನಿನ್ನನ್ನ ಯಾರೂ ಕಟ್ಕೊಳ್ಳಲಿಲ್ಲ ನೋಡು."

"ನಿನ್ನ ಕಟ್ಕೊಂಡೋಳ ಪಾಡು ನೋಡಿದ್ಮೇಲೆ ನಂಗೆ ಬುದ್ಧಿ ಬಂತು ಕಣೋ. ಹಸಿ ಸೌದೆ ತಂದಿದೀಯ, ಆ ಕಡೆ ಹಾಕು."

ಅಡುಗೆಯೂ ಕೆಲೆರಾ ಅವರದೇ, ಹುಡುಗಿಯರ ಉಸ್ತುವಾರಿಯೂ ಅವರದೇ. ಜ್ವರ ಬಂದವಳ ಪಕ್ಕ ಕೂರುವುದು, ಮೊದಲ ಬಾರಿ ಮನೆ ಬಿಟ್ಟು ಬಂದು ಅಳುವವಳ ಚಾಪೆಯ ಹತ್ತಿರ ತಮ್ಮ ಚಾಪೆ ಎಳೆದುಕೊಳ್ಳುವುದು, ಚಂಡಮಾರುತ ಬಂದಾಗ ತಗಡಿನ ಮೇಲೆ ಕಲ್ಲು ಹೇರುವುದು, ಎಲ್ಲವೂ. ಮೂವತ್ತು ವರ್ಷದಿಂದ ಹೀಗೆ. ಇವರ ಕೈಯಡುಗೆ ಉಂಡವರು ಇಂದು ರಾಜಧಾನಿ ಸೂವಾದ ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ, ಕಚೇರಿಗಳಲ್ಲಿ ಇದ್ದಾರೆ. ಎಲ್ಲರಿಗೂ ಇವರು 'ಕೆಲೆರತ್ತೆ'. ಈ ರಜೆಯಲ್ಲಿ ಅವರ ವಸತಿಗೃಹವನ್ನು ಕೆಡವುತ್ತಾರೆ. ಆ ಜಾಗದಲ್ಲಿ ಶತಮಾನೋತ್ಸವ ಭವನ ಎದ್ದು ನಿಲ್ಲುತ್ತದಂತೆ!

ಯಾರ ಶತಮಾನ, ಯಾವ ಉತ್ಸವ? ನಮ್ಮ ಸಂಯುಕ್ತ ಪ್ರೌಢಶಾಲೆ ಮೂರು ಪ್ರೊಟೆಸ್ಟೆಂಟ್ ಶಾಲೆಗಳನ್ನು ಕಲಸಿ ಮಾಡಿದ ಒಂದು ಮುದ್ದೆ. ಕೆಳಗೆ ಉಪ್ಪುನೀರಿನ ಕಾಂಡ್ಲಾ ಕಾಡಿನಂಚಿನಲ್ಲಿ ಮಿಷನರಿಗಳು ಕಟ್ಟಿಸಿದ ಹುಡುಗರ ಶಾಲೆ ಒಂದು. ಕಬ್ಬಿನ ಗದ್ದೆಗಳ ಕಡೆ ನಮ್ಮಂಥ ಭಾರತೀಯರ ಮಕ್ಕಳಿಗೆಂದು ತೆರೆದದ್ದು ಇನ್ನೊಂದು. ಗುಡ್ಡದ ಮೇಲಿನ ಹುಡುಗಿಯರ ಶಾಲೆ ಮೂರನೆಯದು. ಜಮೀನಿನ ಗುತ್ತಿಗೆ ಮುಗಿದು ಕಬ್ಬು ಬೆಳೆಯುವವರು ಊರು ಬಿಟ್ಟಾಗ ನಾನು ಓದಿದ ಶಾಲೆ ಹುಡುಗರ ಶಾಲೆಯೊಳಗೆ ಕರಗಿತು. ಆಮೇಲೆ ಹುಡುಗಿಯರ ಶಾಲೆಯ ಸರದಿ. ಈಗ ಹೊಳೆಯುವ ಕಾಗದದಲ್ಲಿ ಅಚ್ಚಾಗಿರುವ ಶತಮಾನದ ಪುಸ್ತಿಕೆ ನೋಡಿ: ಹುಡುಗರ ಶಾಲೆ ಹುಟ್ಟಿದ ವರ್ಷವೇ ಎಲ್ಲರ ಹುಟ್ಟಿದ ವರ್ಷ. ಪಾದ್ರಿಗಳ ಚಿತ್ರಗಳಿವೆ, ರಗ್ಬಿ ತಂಡದ ಚಿತ್ರಗಳಿವೆ. ನಮ್ಮ ಶಾಲೆಯ ಹೆಸರು ಹುಡುಕಿದರೂ ಇಲ್ಲ. ಹುಡುಗಿಯರ ಶಾಲೆಗೆ ಒಂದೇ ಒಂದು ಸಾಲು, ಅದೂ ಚಿತ್ರವೊಂದರ ಅಡಿಯಲ್ಲಿ. ಹೊಟ್ಟೆ ಉರಿಯದೆ ಇರುತ್ತದೆಯೇ?

ಆ ಹುಡುಗಿಯರ ಶಾಲೆಯನ್ನು ಶುರು ಮಾಡಿದ್ದು ಯಾವ ಮಿಷನರಿಯೂ ಅಲ್ಲ, ಇದೇ ಊರಿನ ಪಾದ್ರಿಯೊಬ್ಬರ ವಿಧವೆ, ಅದೂ ದೀವಿಹಲಸಿನ ಮರದ ಕೆಳಗೆ. ಹೆಣ್ಣುಮಕ್ಕಳ ಓದಿಗೆ ಮಾತ್ರ ಎಂದು ಹೇಳಿ ಗುಡ್ಡ ಕೊಟ್ಟದ್ದು ಕೆಲೆರಾ ಅವರ ಕುಲ. ವಸತಿಗೃಹ ಕಟ್ಟುವಾಗ ಊರ ಹೆಂಗಸರು ಇಳಿತದ ಹೊತ್ತಿನಲ್ಲಿ ಸಮುದ್ರಕ್ಕಿಳಿದು, ಹವಳದ ಕಲ್ಲು ಹೊತ್ತು ತಂದು, ಸುಟ್ಟು ಸುಣ್ಣ ಮಾಡಿದರು. ಆಗ ಕೆಲೆರಾ ಅವರ ತಾಯಿ ತುಂಬು ಬಸುರಿ.

"ಹೊಟ್ಟೇಲಿ ಇದ್ದೋನು ನಮ್ಮಣ್ಣ. ಅಮ್ಮ ಯಾವಾಗ್ಲೂ ಅನ್ನೋಳು, ಈ ಗೋಡೆ ಇವನಿಗಿಂತ ಭಾರ ಇತ್ತು ಕಣ್ರೇ ಅಂತ," ಎಂದು ಕೆಲೆರಾ ನಗುತ್ತಾರೆ. ನಗು ಬೇಗ ಆರುತ್ತದೆ. "ಆ ಅಮ್ಮನ ಸಾವಲ್ಲೇ ಶಾಲೆ ಹೋಯ್ತು."

ಅದು ನಡೆದದ್ದು ಹೀಗೆ. ಈ ದ್ವೀಪದವರಲ್ಲಿ ಸಾವಾದರೆ ಸಂಬಂಧಿಕರು, ಊರವರು ಗುಂಪು ಗುಂಪಾಗಿ ತಂಬುವಾ ಹಿಡಿದು ಬರುತ್ತಾರೆ, ಅಂದರೆ ನಾರಿನ ಹಗ್ಗ ಕಟ್ಟಿದ ತಿಮಿಂಗಿಲದ ಹಲ್ಲು. ತಲೆ ತಗ್ಗಿಸಿ ಸಂತಾಪದ ಮಾತಾಡಿ ಅದನ್ನು ಚಾಚುತ್ತಾರೆ, ಮನೆಯ ಹಿರಿಯ ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಾನೆ. ಮದುವೆಗೂ ಅದೇ, ಕ್ಷಮೆ ಕೇಳುವುದಕ್ಕೂ ಅದೇ, ದೊಡ್ಡದೇನನ್ನಾದರೂ ಬೇಡುವುದಕ್ಕೂ ಅದೇ. ತೆಗೆದುಕೊಂಡರೆ ಒಪ್ಪಿದಂತೆ. ಮತ್ತೆ ಇಲ್ಲ ಎನ್ನುವ ಹಾಗಿಲ್ಲ.

ತಾಯಿ ಸತ್ತ ವಾರ ಅಣ್ಣ ಇಲೈತಿಯಾ ಕುಲದ ಹಿರಿಯನಾಗಿ ಗುಂಪಿನ ಮೇಲೆ ಗುಂಪನ್ನು ಬರಮಾಡಿಕೊಳ್ಳುತ್ತಿದ್ದ. ಆ ಸಾಲಿನಲ್ಲೇ ಹುಡುಗರ ಶಾಲೆಯ ಮಂಡಳಿಯವರೂ ಬಂದು ಕೂತರು. ಮೊದಲು ಸಂತಾಪ, ನಡುವೆ ಬೈಬಲ್ಲಿನ ಮಾತು, ಕೊನೆಗೆ ಅದೇ ತಗ್ಗಿದ ದನಿಯಲ್ಲಿ, ಹುಡುಗಿಯರ ಶಾಲೆಯನ್ನೂ ಕಟ್ಟಡವನ್ನೂ ಮಂಡಳಿಗೆ ಒಪ್ಪಿಸಿಕೊಡಿ ಎಂಬ ಬೇಡಿಕೆ. ಅಳುತ್ತಿದ್ದವನು ತಲೆ ಎತ್ತಲೇ ಇಲ್ಲ. ಉಳಿದವರದನ್ನು ತೆಗೆದುಕೊಂಡಂತೆ ಅದನ್ನೂ ತೆಗೆದುಕೊಂಡ. ಕೂತವರು ವಾಡಿಕೆಯಂತೆ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಮುಗಿಯಿತು.

ಬೇಕೆಂದೇ ಆ ದಿನ ಬಂದರೋ, ಬಂದವರು ಎರಡೂ ಕೆಲಸ ಮುಗಿಸಿಕೊಂಡು ಹೋದರೋ, ದೇವರಿಗೇ ಗೊತ್ತು. ಪ್ರಾರ್ಥನೆ ಮಾಡಿಸುವ ಬಾಯಿಗಳು ಸಾವಿನ ಮನೆಯಲ್ಲಿ ಮಾಡುವ ಕೆಲಸವೇ ಇದು? ಥೂ! ಆ ಮಂಡಳಿಯ ಒಬ್ಬರಾದರೂ ಮರುದಿನ ಬಂದು, "ಅಯ್ಯಾ, ನಿನಗೆ ಸರಿಯಾಗಿ ಕೇಳಿಸಿತೇ" ಎಂದು ವಿಚಾರಿಸಬಹುದಿತ್ತು. ಯಾರೂ ಬರಲಿಲ್ಲ. ಊರು ಬೈದದ್ದು ಇಲೈತಿಯಾನನ್ನು. ಅವ್ವನ ಹೆಣದ ಮುಂದೆ ಅವ್ವನ ಶಾಲೆ ಕೊಟ್ಟವನು ಎಂದರು. ಅಂದಿನಿಂದ ಆತ ಗುಡ್ಡ ಹತ್ತಿಲ್ಲ. ಇಗರ್ಜಿಯಲ್ಲಿ ಬಾಗಿಲ ಬಳಿ ಕೂರುತ್ತಾನೆ. ತಂಬುವಾ ಕೈಯಿಂದ ಕೈಗೆ ಹೋಗುತ್ತಲೇ ಇರಬೇಕು, ಆದರೆ ಆ ಒಂದನ್ನು ಯಾವ ಮದುವೆಗೂ ಯಾವ ಸಾವಿಗೂ ಒಯ್ಯದೆ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದಾನೆ.

ವಸತಿಗೃಹದ ಕಟ್ಟಡವೊಂದನ್ನು ಬಿಟ್ಟರೆ ಗುಡ್ಡದ ಶಾಲೆಯದು ಏನೂ ಉಳಿದಿಲ್ಲ. ಈಗ ಅದರ ಸರದಿಯೂ ಬಂದಿದೆ. ಹುಡುಗಿಯರೆಲ್ಲ ಪೇಟೆಯ ನೆಂಟರ ಮನೆಗಳಲ್ಲಿ ಇರಲಿ ಎನ್ನುತ್ತದೆ ಮಂಡಳಿ. ಹತ್ತನೆಯ ತರಗತಿಯ ಮೆರೆಸೆಯಿನಿಯನ್ನು ಕೇಳಿ ನೋಡಿ. "ನಮ್ಮಕ್ಕ ಹಂಗೇ ಹೋದ್ಳು. ನೆಂಟರ ಬಟ್ಟೆ ಒಗೆದು, ಮಗು ಎತ್ಕೊಂಡು, ವರ್ಷದೊಳಗೆ ಸ್ಕೂಲು ಬಿಟ್ಳು," ಎನ್ನುತ್ತಾಳೆ.

ಕೆಲೆರಾ ಕಳೆದ ತಿಂಗಳು ಅಣ್ಣನ ಮನೆಗೆ ಹೋಗಿ ಆ ತಂಬುವಾ ಕೇಳಿ ತಂದಿದ್ದಾರೆ. ವಾಪಸ್ ಒಯ್ದು ಚಾಚಿ, ವಸತಿಗೃಹವನ್ನಾದರೂ ಬಿಟ್ಟುಕೊಡಿ ಎಂದು ಬೇಡುವುದು ಅವರ ಲೆಕ್ಕ. ಕಿನಿ ಇನ್ನೊಂದು ಉಪಾಯ ಹೇಳುತ್ತಾನೆ.

"ಶತಮಾನದ ಊಟದ ದಿನ ಹೋಗು. ಅವತ್ತು ಎಲ್ಲಾ ಊರಿನೋರೂ ತಂಬುವಾ ತರ್ತಾರೆ. ಮಂಡಳಿ ಅಧ್ಯಕ್ಷ ಒಂದರ ಹಿಂದೆ ಒಂದು ಇಸ್ಕೊಂಡು ನಗ್ತಾ ಕೂತಿರ್ತಾನೆ. ನಡುವೆ ನಿಂದೂ ತುರುಕಿಬಿಡು. ಅವರು ಮಾಡಿದ್ದನ್ನೇ ಮಾಡು."

"ಆಮೇಲೆ ನಂಗೂ ಅವರಿಗೂ ಏನೋ ವ್ಯತ್ಯಾಸ?" ಕೆಲೆರಾಗೆ ರೇಗುತ್ತದೆ. "ಕೇಳಿಸ್ಕೊಂಡು ತಗೊಳ್ಳಲಿ. ಇಲ್ಲಾ, ಕೇಳಿಸ್ಕೊಂಡು ಬೇಡ ಅನ್ನಲಿ."

ಕಳೆದ ಗುರುವಾರ ಕೆಳಗಿನ ಶಾಲೆಯಲ್ಲಿ ನಡೆದ ಮಂಡಳಿಯ ಸಭೆಗೆ ಅವರ ಜೊತೆ, ಪತ್ರಿಕೆಗೆ ಬರೆಯಲೆಂದು, ನಾನೂ ಹೋಗಿದ್ದೆ. ಎಲ್ಲರೂ ಕುರ್ಚಿಗಳಲ್ಲಿದ್ದಾರೆ. ಅವರ ಮುಂದೆ ಕೆಲೆರಾ ನೆಲದ ಚಾಪೆಯ ಮೇಲೆ ಮಂಡಿ ಮಡಚಿ ಕೂರುತ್ತಾರೆ. ಹೆಂಗಸು ತಂಬುವಾ ಹಿಡಿದು ತಾನೇ ಮಾತಾಡುವ ವಾಡಿಕೆ ಇಲ್ಲಿ ಇಲ್ಲ. ಸದಸ್ಯರೊಬ್ಬರು, "ನಿಮ್ಮ ಕುಲದಲ್ಲಿ ಗಂಡಸರಿಲ್ವೇನಮ್ಮಾ?" ಎಂದು ಕುಟುಕುತ್ತಾರೆ.

"ಇದಾನೆ," ಎನ್ನುತ್ತದೆ ಬಾಗಿಲಿನಿಂದ ಒಂದು ದನಿ. ಇಲೈತಿಯಾ! ಕೋಲೂರಿಕೊಂಡು ಒಳಗೆ ಬಂದು ತಂಗಿಯ ಪಕ್ಕದಲ್ಲಿ ಕೂರುತ್ತಾನೆ. "ಇದಾನೆ, ಆದ್ರೆ ಇವತ್ತು ಅವಳೇ ಮಾತಾಡ್ತಾಳೆ."

ಕೆಲೆರಾ ಎರಡು ಕೈಯಲ್ಲಿ ತಂಬುವಾ ಎತ್ತಿ ಚಾಚುತ್ತಾರೆ. "ಸ್ವಾಮಿ, ಇದು ಸಂತಾಪದ್ದಲ್ಲ. ಶುಭಾಶಯದ್ದೂ ಅಲ್ಲ. ನಮ್ಮಮ್ಮ ಸತ್ತ ವಾರ ನೀವು ನಮ್ಮಣ್ಣಂಗೆ ಕೊಟ್ಟಿದ್ದು ಇದೇ. ಆ ಹುಡುಗೀರ ಮನೆ ಕೆಡವಬೇಡಿ ಅಂತ ಕೇಳೋಕೆ ತಂದಿದೀನಿ. ಬೇರೇನಕ್ಕೂ ಅಲ್ಲ. ತಿಳ್ಕೊಂಡು ತಗೊಳ್ಳಿ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತಾರೆ, ಮತ್ತೆ ಹಾಕಿಕೊಳ್ಳುತ್ತಾರೆ. ಭವನ ಕಟ್ಟುವ ಗುತ್ತಿಗೆದಾರರ ಜೊತೆ ಮಾತಾಗಿದೆ ಎನ್ನುತ್ತಾರೆ, ಸೂವಾದ ಮೇಲಿನವರನ್ನು ಕೇಳಬೇಕು ಎನ್ನುತ್ತಾರೆ. ಕೆಲೆರಾ ತೋಳು ಚಾಚಿಯೇ ಇದ್ದಾರೆ. "ಅಲ್ಲಿ ಮೇಜಿನ ಮೇಲಿಟ್ಟು ಹೋಗಮ್ಮಾ, ನೋಡೋಣ," ಎನ್ನುವುದೊಂದು ಮಾತು ಕೊನೆಗೆ ಅವರ ಬಾಯಿಂದ ಹೊರಡುತ್ತದೆ. ಕೈಯಲ್ಲಿ ತೆಗೆದುಕೊಂಡರೆ ಒಪ್ಪಿದಂತಾದೀತಲ್ಲ, ಅದಕ್ಕೇ ಮೇಜಿನ ಮೇಲೆ! ಕಾಫಿ ಲೋಟಗಳ ನಡುವೆ! ನಾನಾಗಿದ್ದರೆ ಏನು ಅನ್ನುತ್ತಿದ್ದೆನೋ, ಪತ್ರಿಕೆಯಲ್ಲಿ ಅಚ್ಚು ಹಾಕುವ ಮಾತಲ್ಲ. ಕೆಲೆರಾ ತಂಬುವಾವನ್ನು ಮಡಿಲಿಗೆ ಇಳಿಸಿಕೊಂಡು ಏಳುತ್ತಾರೆ.

ಗುಡ್ಡದ ದಾರಿಯಲ್ಲಿ ಕಿನಿ ಎದುರಾಗುತ್ತಾನೆ. ಇಬ್ಬರ ಮುಖ ನೋಡಿ, ತಮಾಷೆ ಬಿಟ್ಟು, ಇಲೈತಿಯಾನ ಕೈ ಹಿಡಿದು ಹತ್ತಿಸುತ್ತಾನೆ. ಇಷ್ಟು ವರ್ಷ ಗುಡ್ಡ ಹತ್ತದ ಮುದುಕ ವಸತಿಗೃಹದ ಸುಣ್ಣದ ಗೋಡೆಗೆ ಕೈಯಾನಿಸುತ್ತಾನೆ. ಆಮೇಲೆ, "ಮಕ್ಕಳನ್ನ ಪೇಟೆಗೆ ಕಳಿಸಬೇಡ ಕಣಮ್ಮಾ. ನಮ್ಮನೇಲಿ ಹತ್ತು ಜನ ಮಲಗಬಹುದು. ಉಳಿದೋರನ್ನ ಕುಲದೋರ ಮನೆಗಳಲ್ಲಿ ನಾನೇ ಕೇಳ್ತೀನಿ," ಎನ್ನುತ್ತಾನೆ. ಊರ ಮನೆಗಳ ಬಾಗಿಲು ತಟ್ಟುವ ಮಾತು ಆತನ ಬಾಯಲ್ಲಿ ಇಷ್ಟು ವರ್ಷದಲ್ಲಿ ಬಂದದ್ದು ಇದೇ ಮೊದಲು.

ಸೋತು ಬಂದದ್ದಕ್ಕೆ ಬೇಸರವಿಲ್ಲವೇ ಎಂದು ಕೆಲೆರಾ ಅವರನ್ನು ಕೇಳುತ್ತೇನೆ. ರಾತ್ರಿಯ ಊಟಕ್ಕೆ ಮರಗೆಣಸಿನ ಸಿಪ್ಪೆ ತೆಗೆಯಲು ಆಗಲೇ ಕೂತಾಗಿದೆ. ಚೂರಿಯನ್ನು ಬದಿಗಿಟ್ಟು, ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿ ಮಾತಾಡುತ್ತಾರೆ.

"ಬೇಸರ ಇದೆ. ಗೋಡೆ ಬಿದ್ದ ದಿನ ಅಳ್ತೀನಿ. ಆದ್ರೆ ಬರಿ ಕಣಮ್ಮಾ, ನಿನ್ನ ಪೇಪರಲ್ಲಿ ಇದನ್ನ ದೊಡ್ಡದಾಗಿ ಬರಿ. ನಮ್ಮಣ್ಣ ಗೊತ್ತಿಲ್ದೆ ತಗೊಂಡ. ಇವರು ಗೊತ್ತಿದ್ದೂ ತಗೊಳ್ಳಲಿಲ್ಲ. ಇವತ್ತಿಂದ ತಪ್ಪು ನಮ್ಮಣ್ಣಂದಲ್ಲ."