ಲೋಪದ ಕಾಲಮಿನಲ್ಲಿ ಒಂದು ಗೆಲುವು

ಕೋವಿಡ್ ಕಾಲ ಕಳೆದು ಶಾಲೆಗಳು ಮೊದಲಿನಂತೆ ನಡೆಯತೊಡಗಿದ್ದ ವರ್ಷ. ನಾನಾಗ ರೋಣದಲ್ಲಿ ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಣಾಧಿಕಾರಿ. ಹುದ್ದೆಯ ಹೆಸರು ಉದ್ದ, ಕೆಲಸ ಸರಳ: ಶಾಲೆಗಳ ಆಟದ ಮೈದಾನ ನೋಡುವುದು, ಕ್ರೀಡಾಕೂಟ ನಡೆಸುವುದು, ಫಾರ್ಮು ತುಂಬುವುದು. ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿತ್ತು. ಗಜೇಂದ್ರಗಡದ ಒಂದು ಖಾಸಗಿ ಸಂಸ್ಥೆ ಮಕ್ಕಳಿಗೆ ಕುಸ್ತಿ ತರಬೇತಿ ಕೇಂದ್ರ ಕಟ್ಟಿಸಿ, ತರಬೇತುದಾರನ ಆಯ್ಕೆ ಸಮಿತಿಗೆ ನನ್ನನ್ನು ತಜ್ಞನೆಂದು ಕರೆಯಿತು.

ಅರ್ಜಿ ಹಾಕಿದವರಲ್ಲಿ ನರಗುಂದದ ದಾವಲಸಾಬನೂ ಇದ್ದ. ಗಾದಿ ಹೊಲಿಯುವವರ ಮಗ. ನಾನು ನರಗುಂದದ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದಾಗ ಸಂಜೆ ಗರಡಿಯಲ್ಲಿ ನನ್ನ ಕೈಯಲ್ಲೇ ಕುಸ್ತಿ ಕಲಿತವನು. ಮುಂದೆ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್‌ಗೆ ಹೋದ. ಕುಸ್ತಿ, ಬಾಕ್ಸಿಂಗ್, ಜೂಡೋ ಎಲ್ಲ ಬೆರೆಸಿ ಜಾಲರಿಯ ಪಂಜರದೊಳಗೆ ಆಡುವ ಕಾಳಗ ಅದು. ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು. ನರಗುಂದದ ಆಟೋಗಳ ಹಿಂದೆ ಅವನ ಚಿತ್ರ ಇರುತ್ತಿತ್ತು. ಮೂವತ್ನಾಲ್ಕಕ್ಕೆ ಮೊಣಕಾಲು ಕೈಕೊಟ್ಟಿತು. ಈ ಕೆಲಸ ಸಿಗದಿದ್ದರೆ ಪುಣೆಯ ಒಂದು ಬಾರಿನ ಬಾಗಿಲಲ್ಲಿ ಬೌನ್ಸರ್ ಆಗಿ ನಿಲ್ಲುವುದೆಂದು ಮಾತಾಗಿತ್ತು.

ಅವನನ್ನು ಊರೂರಿಗೆ ಪರಿಚಯಿಸಿದ್ದು ಮಾತ್ರ ಒಂದು ಸೋಲಿನ ವಿಡಿಯೊ. ಸಮಿತಿಯ ಅಧ್ಯಕ್ಷರು, ರೋಣದ ಹತ್ತಿ ವ್ಯಾಪಾರಿ, ಸಭೆಯಲ್ಲಿ ಅದನ್ನೇ ಫೋನಿನಲ್ಲಿ ಹಚ್ಚಿದರು. ದಾವಲ್ ಎದುರಾಳಿಯನ್ನು ಎತ್ತಿ ಬೆನ್ನ ಮೇಲೆ ಕೆಡವುತ್ತಾನೆ, ಕೈಬಿಟ್ಟು ಎದ್ದು ತಿರುಗಿ ನಡೆಯುತ್ತಾನೆ. ಬಿದ್ದವನು ಎದ್ದು ಬಂದು ತಲೆಗೆ ಒದೆಯುತ್ತಾನೆ. ನಾಕೌಟ್. ಸಮಿತಿಯವರು ಹೊಟ್ಟೆ ಹಿಡಿದು ನಕ್ಕರು.

ನನಗೆ ನಗು ಬರಲಿಲ್ಲ, ಮೈ ಉರಿಯಿತು. ನಮ್ಮ ಗರಡಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಅವನು ಚಿತ್, ಕುಸ್ತಿ ಮುಗಿಯಿತು. ಚಿತ್ ಆದವನನ್ನು ಆ ಕ್ಷಣವೇ ಬಿಡಬೇಕು. ಬಿಡದವನ ಬೆನ್ನಿಗೆ ನನ್ನ ಬೆತ್ತ ಬೀಳುತ್ತಿತ್ತು. ಪಂಜರದಲ್ಲಿ ಬೆನ್ನು ತಾಗಿದರೆ ಏನೂ ಮುಗಿಯುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಆದರೆ ಹತ್ತು ವರ್ಷ ಮಣ್ಣಿನಲ್ಲಿ ಪಳಗಿದ ಕೈ ತಲೆಯನ್ನು ಕೇಳದೆ ಬಿಟ್ಟುಬಿಟ್ಟಿತು.

“ಇಂಥಾ ದಡ್ಡನ ಕೈಯಾಗ ಹುಡುಗೂರನ್ನ ಹ್ಯಾಂಗ ಕೊಡೋದ್ರಿ?” ಎಂದರು ಅಧ್ಯಕ್ಷರು.

“ಅದನ್ನ ಕಲಿಸಿದಾಂವ ನಾನರಿ. ದಡ್ಡ ಅನ್ನೋದಿದ್ರ ನನಗ ಅನ್ರಿ.”

ನಾನು ಅವನ ಗುರುವೆಂದು ಮೊದಲ ದಿನವೇ ಬರೆದುಕೊಟ್ಟಿದ್ದೆ, ಯಾರೂ ಓದಿರಲಿಲ್ಲ ಅಷ್ಟೆ. ದಾವಲನನ್ನು ಒಳಗೆ ಕರೆದರು. ನಿನ್ನ ವೃತ್ತಿಯಲ್ಲಿ ಆದ ದೊಡ್ಡ ತಪ್ಪು ಯಾವುದು, ನೀನೇ ಹೇಳು ಎಂದು ಕೇಳಿದರು. ಆ ವಿಡಿಯೊದ ಸೋಲನ್ನು ಹೇಳಿ, ಇನ್ನೊಮ್ಮೆ ಹಾಗೆ ಮಾಡುವುದಿಲ್ಲ ಎಂದು ಕೈ ಮುಗಿದಿದ್ದರೆ ಕೆಲಸ ಸಿಗುತ್ತಿತ್ತೋ ಏನೋ. ಹಾಗೇ ಅನ್ನಲಿ ಎಂದು ನಾನೂ ಮನಸ್ಸಿನಲ್ಲಿ ಬೇಡಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಅವನು ಹೇಳಿದ್ದೇ ಬೇರೆ. “ಆ ವಿಡಿಯೊದಾಗಿಂದು ರೂಢಿರಿ, ತಪ್ಪಲ್ಲ. ತಪ್ಪು ಕಡೀ ಫೈಟ್‌ನ್ಯಾಗ ಆತು. ನಾ ಗೆದ್ದದ್ದು.”

ಆ ಕಾಳಗದಲ್ಲಿ ಅವನು ಹಿಂದಿನಿಂದ ಎದುರಾಳಿಯ ಕುತ್ತಿಗೆಗೆ ತೋಳು ಹಾಕಿ ಬಿಗಿದಿದ್ದ. ಇದಕ್ಕೆ ಚೋಕ್ ಎನ್ನುತ್ತಾರೆ. ಸಿಕ್ಕವನು ಸೋತೆ ಎನ್ನಲು ಎದುರಾಳಿಯ ಮೈಮೇಲೆ ತಟ್ಟುತ್ತಾನೆ, ರೆಫ್ರಿ ಬಿಡಿಸುತ್ತಾನೆ. ರೆಫ್ರಿ ಬಿಡಿಸುವ ತನಕ ಹಿಡಿದಿರುವುದು ನಿಯಮಕ್ಕೆ ಸರಿಯೇ.

“ಆ ಹುಡುಗ ನನ್ನ ತೋಳಿಗೆ ಎರಡ ಸರ್ತಿ ತಟ್ಟಿದ. ರೆಫ್ರಿಗೆ ಕಾಣಲಿಲ್ಲ, ನನಗ ಗೊತ್ತಾತು. ನಾ ಬಿಡಲಿಲ್ರಿ. ಎಚ್ಚರ ತಪ್ಪಿ ಬಿದ್ದ.”

ಯಾಕೆ ಬಿಡಲಿಲ್ಲ ಎಂದು ಅಧ್ಯಕ್ಷರು ಕೇಳಿದರು.

“ಬಿಟ್ರ ಮತ್ತ ಎಲ್ಲಾರೂ ನಗ್ತಾರಂತ್ರಿ.”

ಫೋನು ಇನ್ನೂ ಮೇಜಿನ ಮೇಲಿತ್ತು. ಅಧ್ಯಕ್ಷರು ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ನನ್ನ ಕಣ್ಣು ತುಂಬಿ ಬಂತು. ಮೂವತ್ತೈದರ ಹತ್ತಿರದ ಗಂಡಸು ನಾಲ್ಕು ಜನರ ಮುಂದೆ ನಾಚಿಕೆ ಬಿಚ್ಚಿಟ್ಟದ್ದನ್ನು ನಾನು ಆ ತನಕ ನೋಡಿರಲಿಲ್ಲ.

ಅವನು ಹೊರಗೆ ಹೋದ ಮೇಲೆ ನನ್ನ ಮುಂದೆ ಮೌಲ್ಯಮಾಪನ ಫಾರ್ಮು ಬಂತು. ಗಂಭೀರ ಲೋಪ ಎಂಬ ಕಾಲಮಿನಲ್ಲಿ ಆ ಸೋಲನ್ನು ಬರೆಯಲು ಹೇಳಿದರು. ನಾನು ಆ ಗೆಲುವನ್ನು ಬರೆದೆ, ಅವನ ಮಾತಿನಲ್ಲೇ ಕಾರಣವನ್ನೂ ಬರೆದೆ. ಕೆಳಗೆ ತರಬೇತಿಯ ಯೋಗ್ಯತೆಗೆ ನೂರಕ್ಕೆ ನೂರು ಕೊಟ್ಟೆ.

“ಗೆದ್ದದ್ದನ್ನ ಯಾರರ ಲೋಪ ಅಂತ ಬರೀತಾರೇನ್ರಿ? ತಿದ್ರಿ” ಎಂದರು ಅಧ್ಯಕ್ಷರು.

“ತಿದ್ದಂಗಿಲ್ರಿ.”

ಮರುದಿನ ಮನೆಗೆ ಅಧ್ಯಕ್ಷರ ಆಳು ಬಂದ, ಫೋನು ಬಂತು, ನಿವೃತ್ತಿ ಹತ್ತಿರ ಬಂದವನು ಹಟ ಮಾಡಬಾರದೆಂದು ಹಿತೈಷಿಗಳೂ ಬಂದರು. ಚಹಾ ಕುಡಿಸಿ ಎಲ್ಲರನ್ನೂ ಕಳಿಸಿದೆ. ಸಂಸ್ಥೆ ನನ್ನನ್ನು ಕೈಬಿಟ್ಟು ಬೇರೆ ತಜ್ಞರನ್ನು ತಂದು ಬೇರೆಯವನನ್ನು ನೇಮಿಸಿತು. ದಾವಲ್ ಪುಣೆಗೆ ಹೋದ. ಅವನನ್ನು ಬಸ್ಸು ಹತ್ತಿಸಿದ ದಿನ ಆದಷ್ಟು ಸಿಟ್ಟು ನನಗೆ ನೌಕರಿಯಲ್ಲಿ ಎಂದೂ ಆಗಿರಲಿಲ್ಲ.

ಆ ಸಿಟ್ಟನ್ನು ನಾನು ಆರಲು ಬಿಡಲಿಲ್ಲ. ನಿವೃತ್ತಿಯ ವಾರದಲ್ಲೇ ನರಗುಂದದ ಹಿರಿಯರ ಬೆನ್ನು ಹತ್ತಿ, ಬೀಗ ಬಿದ್ದಿದ್ದ ಹಳೆಯ ಗರಡಿ ತೆಗೆಸಿದೆ. ದಾವಲನಿಗೆ ಫೋನ್ ಮಾಡಿ ಬಾ ಎಂದೆ. ಬಂದ. ಬೆಳಿಗ್ಗೆ ಅಪ್ಪನ ಅಂಗಡಿಯಲ್ಲಿ ಗಾದಿ ಹೊಲಿಯುತ್ತಾನೆ, ಸಂಜೆ ಹುಡುಗ ಹುಡುಗಿಯರಿಗೆ ಕಲಿಸುತ್ತಾನೆ.

ಮೂವತ್ತು ವರ್ಷ ನಾನು ಆಟಗಾರರ ಗೆಲುವು ಸೋಲು ಕೂಡಿಸಿ ಅಂಕ ಹಾಕಿದೆ. ಆಟಗಾರನನ್ನು ಅಳೆಯಬೇಕಾದರೆ ಯಾವುದಕ್ಕೆ ನಾಚುತ್ತಾನೆ ಎಂದು ಕೇಳಬೇಕು ಎಂಬುದನ್ನು ಕಲಿತದ್ದು ಕೊನೆಯ ವರ್ಷದಲ್ಲಿ. ಯಾವ ಸಮಿತಿಯ ಮುಂದೆಯೂ ಹೇಳುತ್ತೇನೆ, ನನ್ನ ಮೌಲ್ಯಮಾಪನ ತಪ್ಪಿಲ್ಲ. ನನ್ನ ಮೊಮ್ಮಗಳನ್ನು ಅವನ ಕೈಗೇ ಕೊಟ್ಟಿದ್ದೇನೆ.