ಲ್ಯಾಪ್‌ಟಾಪನ್ನು ನಾನೇ ಸರಿಮಾಡಿದ್ದು

ವಾಮದಪದವಿನ ನಮ್ಮ ಮನೆಯಲ್ಲೇ ಕುಳಿತು ನಾನು ಮದುವೆ ಕಾಗದಗಳನ್ನು ಟೈಪ್ ಮಾಡಿಕೊಡುತ್ತೇನೆ. ಕಳೆದ ವರ್ಷ ನನ್ನ ಹಳೆಯ ಲ್ಯಾಪ್‌ಟಾಪ್ ಎಷ್ಟು ನಿಧಾನವಾಯಿತೆಂದರೆ, ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವಷ್ಟರಲ್ಲಿ ಮುಂದಿನ ಪದವೇ ಮರೆತುಹೋಗುತ್ತಿತ್ತು.

"ಅದಕ್ಕೆ ವಯಸ್ಸಾಯ್ತು ಮಾರಾಯ್ತಿ, ಹೊಸದು ತೆಗೆಯುವ" ಎಂದರು ನನ್ನ ಗಂಡ. ಬಂಟ್ವಾಳದ ರಿಪೇರಿ ಅಂಗಡಿಯಲ್ಲೂ ಅದೇ ಮಾತು.

ಒಂದು ಮಧ್ಯಾಹ್ನ ಕೈ ತಗುಲಿ ಲ್ಯಾಪ್‌ಟಾಪಿನ ಬದಿಯಲ್ಲಿದ್ದ ವೈಫೈ ಗುಂಡಿ ಆಫ್ ಆಯಿತು. ಕೂಡಲೇ ಅಕ್ಷರಗಳು ಬೆರಳಿನ ಜೊತೆಗೇ ಓಡತೊಡಗಿದವು. ಆನ್ ಮಾಡಿದೆ, ಪುನಃ ನಿಧಾನ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ, ಲ್ಯಾಪ್‌ಟಾಪ್ ಕೊಂಡಾಗಲೇ ಅದರಲ್ಲಿದ್ದ ವೈಫೈ ಹುಡುಕುವ ಪ್ರೋಗ್ರಾಂ ಒಂದೇ ಅದರ ಶಕ್ತಿಯನ್ನೆಲ್ಲ ನುಂಗುತ್ತಿತ್ತು.

"ಅದನ್ನು ತೆಗೆದರೆ ನೆಟ್ ಹೋಗ್ತದೆ" ಎಂದು ಗಂಡ ಎಚ್ಚರಿಸಿದರು.

"ಹೋದರೆ ಪುನಃ ಹಾಕ್ತೇನೆ" ಎಂದು ನಾನು ತೆಗೆದೇಬಿಟ್ಟೆ.

ಲ್ಯಾಪ್‌ಟಾಪ್ ಮರಳಿ ಶುರುವಾದಾಗ ವಿಂಡೋಸ್ ತಾನಾಗಿಯೇ ವೈಫೈ ಹಿಡಿಯಿತು. ನೆಟ್ಟೂ ಬಂತು, ವೇಗವೂ ಬಂತು. ಮೂಡುಬಿದಿರೆಯವರ ಮದುವೆ ಕಾಗದ ಅರ್ಧಕ್ಕೆ ನಿಂತಿತ್ತು. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅದನ್ನು ಸರಸರನೆ ಮುಗಿಸಿದೆ.

"ಅಂಗಡಿಯವರಿಗೂ ಗೊತ್ತಾಗದ್ದು ನಿನಗೆ ಗೊತ್ತಾಯ್ತಲ್ಲ" ಎಂದು ಅವರು ನಕ್ಕರು. ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ.